ಸ್ಥಾವರ ಜಂಗಮ ನಿರ್ಣಯ, ಅಥವಾ ಪಟ್ಣದವನ ಬೇಸಿಗೆ

ಸುತ್ತ ನೀರಿರುವ ನೆಲವೇ ದ್ವೀಪ ಎಂದು ಶಾಲೆಯ ಪುಸ್ತಕ ಹೇಳುತ್ತದೆ. ಈ ಲಕ್ಷಣದಲ್ಲಿ ಅವ್ಯಾಪ್ತಿ ದೋಷವಿದೆ ಎಂಬುದು ಪ್ರಸ್ತುತ ಲೇಖಕನ ನಮ್ರ ವಾದ. ಲೇಖಕ ಹುಟ್ಟಿ ಬೆಳೆದು, ಈಗ ಮಂಡಿಗೆ ಎಣ್ಣೆ ಹಚ್ಚಿಕೊಂಡು ಕೂತಿರುವುದು ಶ್ರೀರಂಗಪಟ್ಟಣದಲ್ಲಿ. ಊರಿನವರ ಬಾಯಲ್ಲಿ ಅದು ಬರೀ ಪಟ್ಣ. ಕಾವೇರಿ ಪಡುವಲಲ್ಲಿ ಎರಡು ಕವಲಾಗಿ, ಸುಮಾರು ಮೂರು ಮೈಲಿ ಉದ್ದ ಒಂದು ಮೈಲಿ ಅಗಲದ ಈ ನೆಲವನ್ನು ಬಳಸಿಕೊಂಡು, ಮೂಡಲ ತುದಿಯ ಸಂಗಮದಲ್ಲಿ ಮತ್ತೆ ಒಂದಾಗುತ್ತಾಳೆ. ಇದು ಭೂಗೋಳ. ಆದರೆ ಏಪ್ರಿಲ್ ಕೊನೆಗೆ ಸೇತುವೆ ಮೇಲೆ ನಿಂತು ಬಗ್ಗಿ ನೋಡಿ. ಬಂಡೆ, ಜೊಂಡು, ಬಂಡೆಯ ಮೇಲೆ ಒಣಹಾಕಿದ ಬೆಡ್‌ಶೀಟು. ಇವುಗಳ ನಡುವೆ ದಾರಿ ವಿಚಾರಿಸಿಕೊಂಡು ಹೋಗುವವರ ಹಾಗೆ ಒಂದಿಷ್ಟು ನೀರು. ಮೈ ಮುಳುಗುವಷ್ಟು ಮಡು ಹುಡುಕುತ್ತ ಹೊರಟ ಎಮ್ಮೆ ಆಚೆ ದಡಕ್ಕೇ ಹೋಗಿ ನಿಲ್ಲುತ್ತದೆ. ಆಗ ಊರಿನ ಸುತ್ತ ಇರುವುದು ನೀರಲ್ಲ, ಕಾರು.

ಆದ್ದರಿಂದ ಲಕ್ಷಣವನ್ನು ಹೀಗೆ ತಿದ್ದಬೇಕು: ಹೊರಗಿನವರೆಲ್ಲ ನೋಡಿರುವ, ಒಳಗಿನವರು ಮಾತ್ರ ನೋಡಿಲ್ಲದ ಸ್ಥಳವೇ ದ್ವೀಪ. ಹಾಗಾದರೆ ಹಂಪೆಯೂ ದ್ವೀಪವಾಗಿಬಿಟ್ಟಿತಲ್ಲ ಎಂದು ಪೂರ್ವಪಕ್ಷದವರು ಕೇಳಬಹುದು. ಆಗಲಿ, ನಮ್ಮ ಗಂಟೇನು ಹೋಗುತ್ತದೆ?

ಇನ್ನು ಪ್ರಮೇಯಕ್ಕೆ ಬರೋಣ. ಲೋಕದ ವಸ್ತುಗಳೆಲ್ಲ ಸ್ಥಾವರ, ಜಂಗಮ ಎಂದು ಎರಡು ಬಗೆ. ಕೋಟೆ, ಅರಮನೆ, ತೊಲೆ, ರಸ್ತೆ ಇವೆಲ್ಲ ಸ್ಥಾವರ, ಮನುಷ್ಯ ಜಂಗಮ. ಪಟ್ಣದಲ್ಲಿ ಇದು ತಲೆಕೆಳಗು. ಪ್ರಮಾಣ ಬೇಕೆ? ಕೋಟೆಯೊಳಗೆ ಲಾಲ್‌ಮಹಲ್ ಎಂಬ ಟಿಪ್ಪುವಿನ ಅರಮನೆಯಿತ್ತು. ಬ್ರಿಟಿಷರ ಕಾಲದಲ್ಲಿ ಅದನ್ನು ಬಿಚ್ಚಿದರು. ಅದರ ತೊಲೆಗಳು ಘಟ್ಟ ಹತ್ತಿ ಊಟಿಗೆ ಹೋಗಿ, 1830ರ ಸುಮಾರಿಗೆ ಎದ್ದ ಸೇಂಟ್ ಸ್ಟೀಫನ್ಸ್ ಚರ್ಚಿಗೆ ಹೆಗಲು ಕೊಟ್ಟು ಇವತ್ತಿಗೂ ಅಲ್ಲೇ ತಣ್ಣಗಿವೆ. ಪಟ್ಣದಿಂದ ಊಟಿಗೆ ಹೋಗಿ ವಾಪಸು ಬಾರದೆ ಉಳಿಯುವ ಯೋಗ ಒದಗಿದ್ದು ಆ ತೊಲೆಗಳಿಗೆ. ಲೇಖಕನ ಹೆಂಡತಿ ಮದುವೆಯಾದ ವರ್ಷದಿಂದ ಕೇಳುತ್ತಿದ್ದಾಳೆ, ಇನ್ನೂ ಗುಂಡ್ಲುಪೇಟೆ ದಾಟಿಲ್ಲ. ಸಿಪಾಯಿಯ ಮೇಲೆ ಎರಗಿ ಕೂತ ಟಿಪ್ಪುವಿನ ಮರದ ಹುಲಿ ಲಂಡನ್ನಿಗೆ ಹೋಗಿ ಅಲ್ಲಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂ ಸೇರಿದೆ. 2017ರಲ್ಲಿ ರೈಲ್ವೆ ಜೋಡಿಹಳಿಗೆ ಅಡ್ಡವಿದ್ದ ಹಳೆಯ ಮದ್ದಿನಮನೆಯನ್ನು ಇಡಿಯಾಗಿ ಎತ್ತಿ, ನೂರು ಮೀಟರಿಗೂ ಆಚೆ ಸರಿಸಿ ಕೂರಿಸಿದರು. ಇಟ್ಟಿಗೆಗೂ ಗಾರೆಗೂ ಒಂದು ಪ್ರಯಾಣವಾಯಿತು. 2023ರಲ್ಲಿ ಹೊಸ ಹೆದ್ದಾರಿಯೇ ಊರಿನ ಸಹವಾಸ ಬೇಡವೆಂದು ಬೈಪಾಸು ಹಿಡಿಯಿತು. ಟಿಪ್ಪುವಾದರೂ ಬೇಸಿಗೆಗೆ ಕೋಟೆಯಲ್ಲೇ ಬೇಯಲಿಲ್ಲ. 1784ರಲ್ಲಿ ಹೊಳೆಯ ದಡದ ತೋಟದಲ್ಲಿ ದರಿಯಾ ದೌಲತ್ ಕಟ್ಟಿಸಿಕೊಂಡ. ಕೋಟೆಯಿಂದ ಅಲ್ಲಿಗೆ ಬಾಯಲ್ಲಿ ಹಾಕಿಕೊಂಡ ಎಲೆಯಡಿಕೆ ಮುಗಿಯುವಷ್ಟೇ ದೂರ, ಹೋದದ್ದಂತೂ ಹೋದದ್ದೇ. ಹೀಗೆ ಒಂದೊಂದನ್ನೇ ಕಳೆಯುತ್ತ ಬಂದರೆ ಈ ದ್ವೀಪದಲ್ಲಿ ಸ್ಥಾವರವಾಗಿ ಉಳಿಯುವುದು ವರ್ಷಪೂರ್ತಿ ಇಲ್ಲೇ ಇರುವ ನಿವಾಸಿ ಒಬ್ಬನೇ.

ಮಿಕ್ಕವರು ಜಂಗಮರು. ಅವರ ಆಗಮನದ ಮುಹೂರ್ತ ಮಧ್ಯಾಹ್ನ ಒಂದು ಗಂಟೆ.

ಇದಕ್ಕೆ ಐತಿಹಾಸಿಕ ಆಧಾರವಿದೆ. 1791ರ ಮೇ ತಿಂಗಳಲ್ಲಿ ಬ್ರಿಟಿಷ್ ಸೇನಾಪತಿ ಕಾರ್ನ್‌ವಾಲಿಸ್ ಅರಕೆರೆಯವರೆಗೆ ಬಂದ. ಕಾಳಗ ಗೆದ್ದ. ಆದರೂ ಎತ್ತುಗಳು ಸತ್ತು, ದಿನಸಿ ತೀರಿ, ಮಳೆ ಹಿಡಿದು, ಎಳೆಯಲಾಗದ ಭಾರಿ ತೋಪುಗಳನ್ನು ತಾನೇ ಕೆಡಿಸಿ ಬೆಂಗಳೂರಿನ ದಾರಿ ಹಿಡಿದ. ಬುತ್ತಿ ಕಟ್ಟಿಕೊಳ್ಳದೆ ಹೊರಟವರ ಪಾಡು ಇಂದಿಗೂ ಅದೇ. 1799ರಲ್ಲಿ ಬಂದ ಹ್ಯಾರಿಸ್ ಏಪ್ರಿಲಿನಲ್ಲೇ ಬೀಡುಬಿಟ್ಟ. ಹೊಳೆ ತುಂಬುವುದರೊಳಗೆ ಮುಗಿಸಬೇಕೆಂಬ ಲೆಕ್ಕ. ಮೇ 4ರಂದು ಸೈನಿಕರು ಬತ್ತಿದ ಕಾವೇರಿಯನ್ನು ಕಾಲ್ನಡಿಗೆಯಲ್ಲೇ ದಾಟಿ ಕೋಟೆಯ ಬಿರುಕಿಗೆ ನುಗ್ಗಿದ್ದು ಮಧ್ಯಾಹ್ನ ಒಂದರ ಸುಮಾರಿಗೆ. ಉರಿಬಿಸಿಲು, ಊಟದ ಹೊತ್ತು, ಕಾವಲಿನವರು ಸಡಿಲವಾಗಿರುತ್ತಾರೆ ಎಂದೇ ಆ ಗಳಿಗೆಯನ್ನು ಆರಿಸಿದ್ದು. ಅಂದು ಟಿಪ್ಪು ಸತ್ತ, ಅವನೊಂದಿಗೆ ಸಾವಿರಾರು ಜನ ಸತ್ತರು. ಅದನ್ನು ನಗೆಯ ಬಾಬ್ತಿಗೆ ಜಮಾ ಮಾಡುವವನಲ್ಲ ಲೇಖಕ. ಅವನ ತಕರಾರು ಬರೀ ವೇಳಾಪಟ್ಟಿಯದು. ಇನ್ನೂರು ವರ್ಷ ದಾಟಿದರೂ ಪಟ್ಣದ ಮೇಲೆ ಏರಿಬರುವವರು ಮೇ ತಿಂಗಳನ್ನೂ ಬಿಟ್ಟಿಲ್ಲ, ಒಂದು ಗಂಟೆಯನ್ನೂ ಬಿಟ್ಟಿಲ್ಲ.

ಕಾರ್ಯಕಾರಣ ಹೀಗಿದೆ. ಬೆಂಗಳೂರು ಬಿಡುವಾಗ ಎಂಟು. ಮದ್ದೂರಿನಲ್ಲಿ ವಡೆ. ಮಕ್ಕಳಿಗೆ ಎಳನೀರು. ನಿಮಿಷಾಂಬೆಯ ಮುಂದೆ ಗಾಡಿ ನಿಲ್ಲಿಸಲು ಮುಕ್ಕಾಲು ಗಂಟೆ, ದರ್ಶನಕ್ಕೆ ಅದಕ್ಕಿಂತ ಕಮ್ಮಿ. ರಂಗನಾಥನ ಗುಡಿಗೆ ಬರುವಷ್ಟರಲ್ಲಿ ಮಧ್ಯಾಹ್ನದ ಬಾಗಿಲು ಹಾಕುವ ಹೊತ್ತು. ದೇವರು ವಿಶ್ರಾಂತಿಗೆ ತೆರಳುತ್ತಾನೆ. ಮಲಗಿದ ದೇವರೇ ಆದರೂ ಅವನಿಗೂ ಒಂದು ಬಾಗಿಲಿದೆ. ಲೇಖಕನಿಗೆ ಇರುವುದು ಕಬ್ಬಿಣದ ಗೇಟು, ಅದರ ಪಕ್ಕ ಹೊಂಗೆಮರ, ಮರದ ಕೆಳಗೆ ನೆರಳು. ಮೇ ತಿಂಗಳಲ್ಲಿ ನೆರಳು ಸಾರ್ವಜನಿಕ ಆಸ್ತಿ.

ಒಂದು ಉದಾಹರಣೆಯನ್ನು ಹತ್ತಿರದಿಂದ ಪರಿಶೀಲಿಸೋಣ. ಲೇಖಕ ಮುದ್ದೆಯ ಎರಡನೇ ತುತ್ತು ಮುರಿದು ಬಸ್ಸಾರಿನಲ್ಲಿ ಅದ್ದಿದ್ದಾನೆ. ಗೇಟು ಕಿರ್ರೆನ್ನುತ್ತದೆ. ಕಪ್ಪು ಕನ್ನಡಕವನ್ನು ತಲೆಯ ಮೇಲೇರಿಸಿಕೊಂಡ ಯಜಮಾನರು.

“ಸಾರ್, ಟಿಪ್ಪು ಸತ್ತ ಜಾಗ ಎಲ್ಲಿ ಬರುತ್ತೆ?”

ಅದು ಎಲ್ಲಿಗೂ ಬರುವುದಿಲ್ಲ, ನಾವೇ ಹೋಗಬೇಕು. ಆದರೆ ಬಾಯಲ್ಲಿ ಮುದ್ದೆ ಇರುವಾಗ ವ್ಯಾಕರಣ ಹೇಳುವಂತಿಲ್ಲ. ಲೇಖಕ ಎಡಗೈ ಚಾಚಿ ಉತ್ತರದ ದಿಕ್ಕು ತೋರಿಸುತ್ತಾನೆ. ಯಜಮಾನರು ಮೊಬೈಲನ್ನು ತಿರುಗಿಸಿ ಹಿಡಿಯುತ್ತಾರೆ. “ಇಲ್ಲ ಸಾರ್, ಮ್ಯಾಪಲ್ಲಿ ಇಲ್ಲೇ ತೋರಿಸ್ತಿದೆ, ನಿಮ್ಮ ಮನೆ ಹಿಂದೆ.” ಮನೆಯ ಹಿಂದಿರುವುದು ಬಚ್ಚಲು. ಅಷ್ಟರಲ್ಲಿ ಪಕ್ಕದ ಮನೆಯ ಅಜ್ಜಿ ಕಾಂಪೌಂಡಿನ ಮೇಲಿಂದ ಇಣುಕಿ, “ಉಣ್ಣೋ ಹೊತ್ನಲ್ಲಿ ಸತ್ತ ಜಾಗ ಕೇಳ್ತೀರಲ್ಲ ಮಗ! ಬನ್ನಿ, ಮೊದ್ಲು ಒಂದ್ ಲೋಟ ಮಜ್ಜಿಗೆ ಕುಡ್ಕಳಿ” ಎಂದು ಇಡೀ ಟೆಂಪೊ ಟ್ರಾವೆಲರನ್ನು ಒಳಗೆ ಕರೆಯುತ್ತಾಳೆ. ಹದಿಮೂರು ಲೋಟ. ಅಜ್ಜಿಯ ಮನೆಯಲ್ಲಿ ಇರುವುದು ಆರು. ಉಳಿದವು ಲೇಖಕನ ಮನೆಯಿಂದ ಹೋಗುತ್ತವೆ, ಐದು ವಾಪಸು ಬರುತ್ತವೆ.

ಇಲ್ಲಿ ಸ್ಮರಣಿಕೆಗಳ ಬಗ್ಗೆ ಒಂದು ಟಿಪ್ಪಣಿ ಅಗತ್ಯ. 1799ರವರು ಇದ್ದದ್ದನ್ನೆಲ್ಲ ಒಯ್ದರು. ಈಗಿನವರು ತಂದದ್ದನ್ನೆಲ್ಲ ಇಲ್ಲೇ ಬಿಡುತ್ತಾರೆ: ನೀರಿನ ಬಾಟಲಿ, ಚುರುಮುರಿಯ ಪೊಟ್ಟಣ, ಕಬ್ಬಿನ ಹಾಲಿನ ಲೋಟ, ಸಂಗಮದಲ್ಲಿ ಮುಳುಗು ಹಾಕಿ ಉಟ್ಟುದನ್ನೇ ಬಿಟ್ಟು ಹೋದ ಪಂಚೆ. ಎರಡರಲ್ಲಿ ಯಾವುದು ಮೇಲೆಂದು ನಿರ್ಣಯಿಸಲು ಲೇಖಕನಿಗೆ ಇನ್ನೂ ಧೈರ್ಯ ಬಂದಿಲ್ಲ.

ಶಾಸನಗಳ ವಿಚಾರ. ಬಿ. ಎಲ್. ರೈಸರು ಎಪಿಗ್ರಾಫಿಯಾ ಕರ್ನಾಟಿಕಾದಲ್ಲಿ ನಮ್ಮ ತಾಲ್ಲೂಕಿನ ಶಾಸನಗಳನ್ನೂ ಅಚ್ಚು ಹಾಕಿಸಿದರು. ಅವರು ಹೋದ ಮೇಲೆ ಬಿದ್ದ ಶಾಸನಗಳು ಸಂಪಾದಕರಿಲ್ಲದೆ ಅನಾಥವಾಗಿವೆ. ಲೇಖಕನ ಗೇಟಿನ ಶಾಸನ ತಗಡಿನದು, ಲಿಪಿ ನೀಲಿ ಪೇಂಟು, ಪಾಠ: ‘ಗೇಟ್ ಮುಂದೆ ಗಾಡಿ ನಿಲ್ಲಿಸಬಾರದು’. ಹಳಗಾಲದವರು ಇಂಥದ್ದರ ಕೊನೆಗೆ ತಪ್ಪದೆ ಒಂದು ಶಾಪ ಸೇರಿಸುತ್ತಿದ್ದರು. ಲೇಖಕ ಅದನ್ನು ಬರೆಸಲಿಲ್ಲ, ಪೇಂಟರು ಅಕ್ಷರಕ್ಕಿಷ್ಟು ಎಂದದ್ದರಿಂದ. ಹಾಗಾಗಿ ಶಾಸನದ ಮುಂದೆಯೇ ಗಾಡಿ ನಿಲ್ಲುತ್ತದೆ. ಒಬ್ಬಾತ ಕನ್ನಡಿಯನ್ನು ಶಾಸನಕ್ಕೇ ಒರಗಿಸಿ ನಿಲ್ಲಿಸಿದ್ದ. ಕೇಳಿದರೆ, “ಗೇಟ್ ಮುಂದೆ ಅಂತಿದೆ ಸಾರ್, ನಾನು ಪಕ್ಕಕ್ಕೆ ಹಾಕಿದೀನಿ.” ತರ್ಕ ಓದಿದವನಿರಬೇಕು.

ಇಷ್ಟು ಹೊತ್ತು ಹೇಳಿದ್ದು ಬಂದ ದಿನವೇ ಹೋಗುವ ಜಂಗಮರ ಮಾತು. ಬಂದು ಉಳಿಯುವವರ ಕುಲ ಬೇರೆ. ಅವರಿಗೆ ನೆಂಟರೆಂದು ಹೆಸರು. ಇವರ ಅಧ್ಯಯನಕ್ಕೆ ಹೊಳೆಯ ಮೇಲ್ಗಡೆಯ ರಂಗನತಿಟ್ಟು ತುಂಬ ಉಪಕಾರಿ. ಅಲ್ಲಿಯೂ ಕೆಲವು ಹಕ್ಕಿ ಮೀನು ಹಿಡಿದು ಅಂದೇ ಹಾರುತ್ತವೆ. ಕೆಲವು ಗೂಡು ಕಟ್ಟಿ, ಮೊಟ್ಟೆಯಿಟ್ಟು, ಮರಿಗಳ ರೆಕ್ಕೆ ಬಲಿಯುವವರೆಗೆ ಕದಲುವುದಿಲ್ಲ. ಸಲೀಂ ಅಲಿಯವರ ಮಾತು ಕೇಳಿ 1940ರಲ್ಲಿ ಮೈಸೂರಿನ ಅರಸರು ಆ ತಿಟ್ಟುಗಳನ್ನು ಪಕ್ಷಿಧಾಮವೆಂದು ಘೋಷಿಸಿದರು. ಲೇಖಕನ ನಡುಮನೆಗೆ ಅಂಥ ಘೋಷಣೆ ಇನ್ನೂ ಬಾಕಿಯಿದೆ. ಶಾಲೆಗೆ ರಜೆ ಕೊಟ್ಟ ಮೂರನೇ ದಿನಕ್ಕೆ ಹೆಂಡತಿಯ ತಂಗಿ ಇಬ್ಬರು ಮಕ್ಕಳೊಡನೆ ಬಂದಿಳಿದಿದ್ದಾಳೆ. ಸುತ್ತ ಕಾವೇರಿ ಹರಿಯುವ ಮನೆಯ ನಲ್ಲಿಯಲ್ಲಿ ನೀರು ಬಂದರೆ ಬಂತು, ಇಲ್ಲದಿದ್ದರೆ ಇಲ್ಲ ಎಂಬುದು ಮಕ್ಕಳಿಗೆ ಅರ್ಥವಾಗದ ವೇದಾಂತ. ಅವರಿಗೆ ಹರಿಗೋಲು ಬೇಕು. ಗುಂಬಜ್ ಬೇಕು. ಕುದುರೆ ಬೇಕು.

“ಭಾವ, ಇಷ್ಟು ಹತ್ತಿರ ಇದ್ದೂ ದರಿಯಾ ದೌಲತ್ ನೋಡಿ ಎಷ್ಟು ವರ್ಷ ಆಯ್ತು ನೀವು?” ಎಂದಳು ನಾದಿನಿ.

ಪ್ರಾಥಮಿಕ ಶಾಲೆಯ ಮೇಷ್ಟ್ರು ಸಾಲಾಗಿ ಕರೆದೊಯ್ದದ್ದೇ ಕೊನೆ. ಲಕ್ಷಣಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ. ಆದರೂ ಪ್ರಯೋಗಕ್ಕೆಂದು ಲೇಖಕ ಒಂದು ಬೆಳಿಗ್ಗೆ ಜಂಗಮನಾಗಲು ಒಪ್ಪಿದ. ತನ್ನ ಊರನ್ನು ನೋಡಲು ತಾನೇ ಟಿಕೆಟು ಕೊಂಡ. ಪಡುವಲ ಗೋಡೆಯ ತುಂಬ 1780ರ ಪೊಲ್ಲಿಲೂರು ಕಾಳಗದ ಚಿತ್ರ. ಕುದುರೆ, ಈಟಿ, ಮೀಸೆ, ಸಿಡಿಯುವ ಮದ್ದಿನ ಬಂಡಿ. ಯಾರೂ ನಿಂತಲ್ಲಿ ನಿಂತಿಲ್ಲ. ಇಷ್ಟರ ನಡುವೆ, ಸೈನಿಕರ ಚೌಕದೊಳಗೆ, ಪಲ್ಲಕ್ಕಿಯಲ್ಲಿ ಬ್ರಿಟಿಷರ ಕರ್ನಲ್ ಬೇಲಿ ಒಬ್ಬನೇ ಕೂತಿದ್ದಾನೆ. ಹೊರಗೆ ಹೋಗಲು ದಾರಿಯಿಲ್ಲ. ಎಲ್ಲ ಮುಗಿದ ಮೇಲೆ ಬರುವ ನಿಜಾಮನ ದಂಡನ್ನೂ ಬಿಡದೆ, ಹಸು ಹಂದಿಗಳ ಸಮೇತ ಬರೆದು ಅಣಕಿಸಿದ್ದಾರೆ.

“ದೊಡ್ಡಪ್ಪ, ಅವರು ಯಾಕೆ ಬೆರಳು ಕಚ್ಕೊಂಡಿದಾರೆ?” ಎಂದಿತು ಚಿಕ್ಕ ಮಗು.

ಅಷ್ಟರಲ್ಲಿ ಫೋನು. ಬೆಂಗಳೂರಿನಿಂದ ಹೊರಟಿದ್ದ ಷಡ್ಡಕ. “ಸ್ವಲ್ಪ ಲೇಟಾಯ್ತು, ಮದ್ದೂರಲ್ಲಿದೀವಿ, ವಡೆ ತಿಂತಾ ಇದೀವಿ. ಆಫೀಸಿನವರೂ ನಾಲ್ಕು ಜನ ಇದಾರೆ, ಪಟ್ಣ ನೋಡಿಲ್ವಂತೆ. ಊಟಕ್ಕೆ ಕರೆಕ್ಟಾಗಿ ಒಂದು ಗಂಟೆಗೆ ಮನೇಲಿರ್ತೀವಿ.”

ಮಗು ಜುಬ್ಬ ಜಗ್ಗುತ್ತಿತ್ತು. ಉತ್ತರ ಹೇಳೋಣವೆಂದರೆ ಲೇಖಕನ ಬಾಯಲ್ಲಿ ಬೆರಳಿತ್ತು.