ಎತ್ತಿನ ಕೋಡಿಗೆ ಬಣ್ಣ

ವಿಜಯಪುರ, ತಿಕೋಟಾ, ಬಬಲೇಶ್ವರದ ಕಡೆ ಎತ್ತಿನ ಕೋಡಿಗೆ ಬಣ್ಣ ಹಚ್ಚುವ ದೊಡ್ಡ ಕೆಲಸ ಕಾರಹುಣ್ಣಿಮೆಗೆ ನಡೆಯುತ್ತದೆ. ಜ್ಯೇಷ್ಠ ಮಾಸದ ಈ ಹುಣ್ಣಿಮೆ ಬಹುಮಟ್ಟಿಗೆ ಜೂನ್‌ನಲ್ಲಿ ಬರುತ್ತದೆ. ಆ ಹೊತ್ತಿಗೆ ಮುಂಗಾರು ಬಂದಿರಬೇಕು. ಮಳೆ ಬಾರದಿದ್ದರೂ ಹುಣ್ಣಿಮೆ ಬಂದೇ ಬರುತ್ತದೆ. ಹೀಗೆ ಪ್ರಾಣಿಯಿಂದ ಬಂದ ಗಟ್ಟಿ ವಸ್ತುವೊಂದನ್ನು ಹಸನು ಮಾಡಿ ಬಣ್ಣ ಬಳಿಯುವ ಕಲೆ ಜಗತ್ತಿನ ಬೇರೆ ಕಡೆಯೂ ಇದೆ. ಅದರಲ್ಲಿ ಹೆಸರಾದದ್ದು ಉಷ್ಟ್ರಪಕ್ಷಿಯ ಮೊಟ್ಟೆ. ತೊಳೆಯುವುದು, ಉಜ್ಜುವುದು, ಒಣಗಿಸುವುದು, ಬಳಿಯುವುದು ಎರಡಕ್ಕೂ ಉಂಟು. ಆದರೆ ಮೊಟ್ಟೆಗೆ ಬಣ್ಣ ಹಚ್ಚುವಾಗ ಹಕ್ಕಿ ಹತ್ತಿರ ಇರುವುದಿಲ್ಲ. ಕೋಡಿಗೆ ಹಚ್ಚುವಾಗ ಎತ್ತು ಇರುತ್ತದೆ.

ಮೊಟ್ಟೆಯ ಕೆಲಸ ಹಗುರವಾದದ್ದರಿಂದ ಅದನ್ನು ಮೊದಲು ಮುಗಿಸಬಹುದು. ಉಷ್ಟ್ರಪಕ್ಷಿಯ ಮೊಟ್ಟೆ ಸುಮಾರು 15 ಸೆಂಟಿಮೀಟರ್ ಉದ್ದ, ಒಂದೂವರೆ ಕಿಲೋದ ಆಸುಪಾಸು ತೂಕ. ಸಿಪ್ಪೆಯೇ ಸುಮಾರು 2 ಮಿಲಿಮೀಟರ್ ದಪ್ಪ ಇರುವುದರಿಂದ ಸೂಜಿಗೆ ಜಗ್ಗುವುದಿಲ್ಲ, ಡ್ರಿಲ್ ಬೇಕು. ಬುಡದಲ್ಲಿ ತೂತು ಕೊರೆದು, ತಂತಿ ತೂರಿಸಿ ಒಳಗಿನದನ್ನು ಕಲಕಿ, ಪಂಪಿನಿಂದ ಗಾಳಿ ಊದಿ ಹೊರಗೆ ತರುತ್ತಾರೆ. ಹಾಗೆ ಬಂದದ್ದು ಸುಮಾರು 24 ಕೋಳಿಮೊಟ್ಟೆಗೆ ಸಮ. ಆ ದಿನ ಮನೆಮಂದಿಗೆಲ್ಲ ಆಮ್ಲೆಟ್ಟು, ಮರುದಿನವೂ ಆಮ್ಲೆಟ್ಟು. ಒಳಗೆ ನೀರು ಹಾಕಿ ಕುಲುಕಿ, ಬ್ಲೀಚಿಂಗ್ ನೀರಿನಿಂದ ಮತ್ತೊಮ್ಮೆ ತೊಳೆದು, ಬೋರಲು ಹಾಕಿ ಪೂರ್ತಿ ಒಣಗಿಸಬೇಕು. ಇದರಲ್ಲಿ ಅವಸರ ಮಾಡಿದರೆ ಮೊಟ್ಟೆ ಎಷ್ಟೇ ಚೆಂದ ಕಂಡರೂ ಬಂದ ನೆಂಟರು ಮೂಗು ಮುಚ್ಚಿಕೊಂಡೇ ಹೊಗಳುತ್ತಾರೆ. ಆಮೇಲೆ ಉಸುಕಿನ ಕಾಗದದಿಂದ ಹಗುರಾಗಿ ಉಜ್ಜಿ, ಅಕ್ರಿಲಿಕ್ ಬಣ್ಣ ಬಳಿದು, ಮೇಲೆ ವಾರ್ನಿಷ್ ಕೊಟ್ಟು ಕಪಾಟಿನಲ್ಲಿಟ್ಟರೆ ಕೆಲಸ ಮುಗಿಯಿತು.

ಈ ಹವ್ಯಾಸ ನಿನ್ನೆ ಮೊನ್ನೆಯದಲ್ಲ. ದಕ್ಷಿಣ ಆಫ್ರಿಕದ ಡೀಪ್‌ಕ್ಲೂಫ್ ಗುಹೆಯಲ್ಲಿ ಸುಮಾರು 60,000 ವರ್ಷಗಳ ಹಿಂದೆ ಗೆರೆ ಕೊರೆದ ಸಿಪ್ಪೆಯ ಚೂರುಗಳು ಸಿಕ್ಕಿವೆ. ನಮ್ಮ ಮಗ್ಗುಲ ಮಹಾರಾಷ್ಟ್ರದಲ್ಲೂ, ಜಳಗಾಂವ ಜಿಲ್ಲೆಯ ಪಾಟಣೆಯಲ್ಲಿ, ಸುಮಾರು 25,000 ವರ್ಷ ಹಳೆಯ ಗೀರುಚಿತ್ರದ ಸಿಪ್ಪೆ ಸಿಕ್ಕಿದೆ. ದಖ್ಖನ್ನಿನಲ್ಲಿ ಒಂದು ಕಾಲಕ್ಕೆ ಉಷ್ಟ್ರಪಕ್ಷಿ ಓಡಾಡಿಕೊಂಡಿತ್ತು. ಹಕ್ಕಿ ಹೋಯಿತು, ಕಂಡದ್ದಕ್ಕೆಲ್ಲ ಗೆರೆ ಎಳೆಯುವ ಚಟ ಉಳಿಯಿತು. ಅದಕ್ಕೀಗ ಸಿಕ್ಕಿರುವುದು ಎತ್ತು.

ಈ ಸೀಮೆಯ ಹೆಸರಾಂತ ಎತ್ತು ಖಿಲಾರಿ. ವಿಜಯಪುರ, ಅಥಣಿಯಿಂದ ಹಿಡಿದು ಸಾಂಗ್ಲಿ, ಸೊಲ್ಲಾಪುರ, ಸಾತಾರಾದವರೆಗೂ ಇದರ ನಂಟಿದೆ. ಮೈ ಬಿಳಿ ಇಲ್ಲವೆ ಬೂದು. ನಡಿಗೆ ಚುರುಕು, ಸಿಟ್ಟು ಇನ್ನೂ ಚುರುಕು. ಕೋಡು ನೆತ್ತಿಯಿಂದ ಹಿಂದಕ್ಕೆ ಸರಿದು, ಬಾಗಿ ಮೇಲಕ್ಕೇರಿ, ಚೂಪಾಗಿ ಮುಗಿಯುತ್ತದೆ. ಬಣ್ಣ ಹಚ್ಚುವವನಿಗೆ ಅದರ ಉದ್ದ ಅನುಕೂಲ, ತುದಿ ಅನಾನುಕೂಲ. ಕೋಡಿನ ಹೊರಕವಚ ಉಗುರಿನ ಜಾತಿಯದು, ಕೆರಾಟಿನ್ನಿನದು. ಅದಕ್ಕೆ ನೋವು ತಿಳಿಯದು. ಒಳಗಿರುವುದು ರಕ್ತ ಹರಿಯುವ ಜೀವಂತ ಎಲುಬು. ಬೆಳೆದ ಎತ್ತಿನಲ್ಲಿ ಆ ಎಲುಬು ಪೊಳ್ಳಾಗಿ ಹಣೆಯ ಗಾಳಿಗೂಡಿಗೆ ಕೂಡಿಕೊಂಡಿರುತ್ತದೆ. ಆದ್ದರಿಂದ ಕೋಡನ್ನು ಬರಿದು ಮಾಡುವ ಕಷ್ಟವಿಲ್ಲ, ಡ್ರಿಲ್ಲಿನ ಕೆಲಸವಂತೂ ಬೇಡವೇ ಬೇಡ.

ಮೊದಲ ಹಂತ ಸಂತೆ. ಹುಣ್ಣಿಮೆಗೆ ಮುಂಚಿನ ಸಂತೆಯಲ್ಲಿ ಮಗಡ, ಮೂಗದಾಣಿ, ಹಣೆಕಟ್ಟು, ಗೆಜ್ಜೆಸರ, ಗೊಂಡೆ, ಕೋಡಣಸು, ಬಣ್ಣದ ಡಬ್ಬಿ ಎಲ್ಲ ಒಂದೇ ಅಂಗಡಿಯಲ್ಲಿ ತೂಗಾಡುತ್ತವೆ. ಬಬಲೇಶ್ವರದಲ್ಲಿ ದರ ಕೇಳಿದವರು ತಿಕೋಟಾದಲ್ಲಿ ಅಗ್ಗವಿರಬಹುದೆಂದು ಅಲ್ಲಿಗೆ ಹೋಗಿ, ಅಲ್ಲಿ ಕೇಳಿ ವಿಜಯಪುರದ ಪೇಟೆಗೆ ಹೋಗಿ, ಉಳಿಸಿದ್ದಕ್ಕಿಂತ ಹೆಚ್ಚು ಪೆಟ್ರೋಲಿಗೆ ಹಾಕಿ ಮರಳುತ್ತಾರೆ. ಹೆಂಡತಿಯ ಸೀರೆಗೆ ನೂರು ರೂಪಾಯಿ ಹೆಚ್ಚಾಯಿತೆಂದು ಗೊಣಗುವ ಗೃಹಸ್ಥ ಎತ್ತಿನ ಗೊಂಡೆಗೆ ಚೌಕಾಶಿ ಮಾಡುವುದಿಲ್ಲ.

ಎರಡನೆಯದು ಮೈ ತೊಳೆಯುವುದು. ಹುಣ್ಣಿಮೆಯ ಹಿಂದಿನ ದಿನಕ್ಕೆ ಹೊನ್ನುಗ್ಗಿ ಎಂದು ಹೆಸರು. ಹಳ್ಳವೋ ಕೆರೆಯೋ ಬೋರ್‌ವೆಲ್ಲಿನ ಪೈಪೋ, ನೀರು ಸಿಕ್ಕಲ್ಲಿ ಎತ್ತಿನ ಮೈ ತಿಕ್ಕುತ್ತಾರೆ. ಎಣ್ಣೆ, ಅರಿಶಿನ, ಹಸಿ ಮೊಟ್ಟೆ ಕಲಸಿ ಗೊಟ್ಟದಲ್ಲಿ ತುಂಬಿ, ಎತ್ತಿನ ಬಾಯಿ ಎತ್ತಿ ಹಿಡಿದು ಗಂಟಲಿಗೆ ಇಳಿಸುವ ರೂಢಿಯೂ ಉಂಟು. ಮೊಟ್ಟೆಗೆ ಬಣ್ಣ ಹಚ್ಚುವ ನಾಡಿನಲ್ಲಿ ಒಳಗಿನದು ಮನುಷ್ಯನಿಗೆ ಸೇರುತ್ತದೆ, ಇಲ್ಲಿ ಎತ್ತಿಗೆ. ಎತ್ತಿನ ಅಭಿಪ್ರಾಯವನ್ನು ಯಾರೂ ಕೇಳಿಲ್ಲ.

ಮೂರನೆಯದು ಕೋಡು ಹೆರೆಯುವುದು. ಇದಕ್ಕೆ ಕೈ ಪಳಗಿರಬೇಕು. ಹರಿತವಾದ ಕುಡುಗೋಲಿನಿಂದಲೋ ಗಾಜಿನ ಚೂರಿನಿಂದಲೋ ಮೇಲಿನ ಒರಟು ಪದರನ್ನು ಬುಡದಿಂದ ತುದಿಯ ಕಡೆಗೆ ತೆಳ್ಳಗೆ ಹೆರೆದು, ಉಸುಕಿನ ಕಾಗದದಿಂದ ಉಜ್ಜಿ, ಎಣ್ಣೆ ಸವರಿದರೆ ಕೋಡು ಮಿರುಗುತ್ತದೆ. ಇದರಿಂದ ಇನ್ನೊಂದು ಲಾಭವೂ ಇದೆ. ಕೋಡಿನ ಬುಡದ ಉಂಗುರಗಳು ವಯಸ್ಸಿನ ಸುಳಿವು ಕೊಡುತ್ತವೆ. ಹೆರೆದರೆ ವಯಸ್ಸೂ ಹೆರೆದುಹೋಗುತ್ತದೆ. ಸಂಕ್ರಾಂತಿಯ ಹೊತ್ತಿಗೆ ವಿಜಯಪುರದಲ್ಲಿ ಸಿದ್ಧೇಶ್ವರ ಜಾತ್ರೆಯ ಜೊತೆ ಕೂಡುವ ದನಗಳ ಜಾತ್ರೆಗೆ ಬರುವ ಎಷ್ಟೋ ಎತ್ತುಗಳ ಕೋಡು ಎಳೆಗರುವಿನದರಂತೆ ನುಣುಪಾಗಿರುವುದು ಈ ಕಾರಣಕ್ಕೇ. ಕೊಳ್ಳುವವರು ಇದಕ್ಕೆ ಮರುಳಾಗುವುದಿಲ್ಲ. ಕೋಡನ್ನು ಮೆಚ್ಚುತ್ತಲೇ ತುಟಿ ಬಿಡಿಸಿ, ಎರಡು ಹಲ್ಲೋ ನಾಲ್ಕು ಹಲ್ಲೋ ಎಲ್ಲ ಹಲ್ಲು ಬಂದು ಬಾಯಿಗೂಡಿದ್ದೋ ಎಂದು ನೋಡಿಯೇ ಮಾತಿಗೆ ಕೂಡುತ್ತಾರೆ.

ಹೆರೆಯುವುದಕ್ಕೂ ಮಿತಿಯಿದೆ. ಕವಚ ತೆಳ್ಳಗಾದಷ್ಟೂ ಒಳಗಿನ ಎಲುಬಿಗೆ ಪೆಟ್ಟು ಬೇಗ ತಾಗುತ್ತದೆ. ಎತ್ತುಗಳನ್ನು ಕಾಡುವ ಕೋಡಿನ ಕ್ಯಾನ್ಸರ್‌ಗೆ ಪಶುವೈದ್ಯರು ಶಂಕಿಸುವ ಕಾರಣಗಳಲ್ಲಿ ನೊಗ, ಹಗ್ಗದ ತಿಕ್ಕಾಟದ ಜೊತೆಗೆ ಪದೇ ಪದೇ ಹೆರೆಯುವುದು, ರಾಸಾಯನಿಕ ಬಣ್ಣ ಬಳಿಯುವುದು ಕೂಡ ಸೇರಿವೆ. ಹಿಂದಿನವರು ಹಚ್ಚುತ್ತಿದ್ದ ಹುರಮಂಜು, ಅಂದರೆ ಕೆಮ್ಮಣ್ಣಿನ ಬಣ್ಣ, ನೀರಿಗೆ ಬಿಟ್ಟುಹೋಗುತ್ತಿತ್ತು. ಇಂದಿನ ಆಯಿಲ್ ಪೇಂಟು ಮಳೆಗಾಲ ದಾಟಿಯೂ ಉಳಿಯುತ್ತದೆ. ಹಚ್ಚುವವರಿಗೆ ಗುಣವಾಗಿ ಕಾಣುವುದು ಎತ್ತಿಗೆ ಗುಣವೇ ಆಗಬೇಕೆಂದಿಲ್ಲ.

ನಾಲ್ಕನೆಯದೇ ಬಣ್ಣ. ಇದಕ್ಕೆ ಕನಿಷ್ಠ ಮೂವರು ಬೇಕು: ಮೂಗದಾಣಿ ಹಿಡಿಯಲು ಒಬ್ಬ, ಬ್ರಷ್ಷು ಹಿಡಿಯಲು ಒಬ್ಬ, ಕಟ್ಟೆಯ ಮೇಲೆ ಕೂತು ತಪ್ಪು ಹಿಡಿಯಲು ಒಬ್ಬ. ಮೂರನೆಯ ಸ್ಥಾನ ಮನೆಯ ಹಿರಿಯರಿಗೆ ಮೀಸಲು.

“ತಮ್ಮಾ, ಎಡಗೋಡಿನ ಪಟ್ಟಿ ಸೊಟ್ಟ ಆತು ನೋಡು.”

“ಎತ್ತಿಗೆ ಹೇಳ್ರಿ ಮುತ್ತ್ಯಾ, ನಾ ನೆಟ್ಟಗs ಎಳದೇನಿ.”

ಎತ್ತಿನ ಕಿವಿಗೆ ನೊಣ ಕೂತದ್ದೇ ಸೊಟ್ಟಪಟ್ಟಿಗೆ ಕಾರಣ. ಅದು ಒಮ್ಮೆ ತಲೆ ಕೊಡವಿದರೆ ಹಸಿರು ಬಣ್ಣ ಕೋಡಿನಿಂದ ಹಣೆಗೆ, ಹಣೆಯಿಂದ ಮೂಗದಾಣಿ ಹಿಡಿದವನ ಹೊಸ ಬನಿಯನ್ನಿಗೆ ದಾಟುತ್ತದೆ. ಅನುಭವಿಗಳು ಹಿಂಡಿಯ ಬುಟ್ಟಿ ಮುಂದಿಟ್ಟು, ಅದು ಮೇಯುವಷ್ಟು ಹೊತ್ತಿನಲ್ಲಿ ಬುಡದಿಂದ ತುದಿಗೆ ಎಳೆದು ಮುಗಿಸುತ್ತಾರೆ. ಬುಡಕ್ಕೆ ಒಂದು ಬಣ್ಣ, ನಡುವೆ ಪಟ್ಟಿ, ತುದಿಗೆ ಇನ್ನೊಂದು ಬಣ್ಣ ಎಂಬುದು ಸಾಮಾನ್ಯ ಕ್ರಮ. ಜೋಡಿಯ ಎರಡೂ ಎತ್ತಿಗೆ ಒಂದೇ ಬಣ್ಣವಿರಬೇಕು. ಡಬ್ಬಿ ಮಾತ್ರ ಎರಡನೇ ಎತ್ತಿನ ಬಲಗೋಡಿಗೆ ಬಂದಾಗಲೇ ಬರಿದಾಗುವುದು ವಾಡಿಕೆ. ಉಳಿದದ್ದು ಮೈಗೆ. ಲೋಟದ ಅಂಚನ್ನು ಬಣ್ಣದಲ್ಲಿ ಅದ್ದಿ ಪಕ್ಕೆಗೆ ಒತ್ತಿದರೆ ದುಂಡನೆಯ ಉಂಗುರ ಮೂಡುತ್ತದೆ. ಆ ಲೋಟ ಮತ್ತೆ ಅಡುಗೆಮನೆ ಸೇರುವುದಿಲ್ಲ, ಅದನ್ನು ಒಯ್ದದ್ದು ಯಾರೆಂಬ ವಿಚಾರಣೆ ಸೇರುತ್ತದೆ.

ಬಣ್ಣ ಒಣಗಿದ ಮೇಲೆ ತುದಿಗೆ ಹಿತ್ತಾಳೆಯ ಕೋಡಣಸು, ಅದಕ್ಕೆ ಗೊಂಡೆ, ಬೆನ್ನಿಗೆ ಜೂಲ. ಕೆಲವು ಮನೆಗಳಲ್ಲಿ ಕೋಡಬಳೆ ಮಾಡಿ ಕೋಡಿಗೇ ಏರಿಸುತ್ತಾರೆ. ಪೂಜೆ ಮುಗಿದು ಆರತಿ ಎತ್ತುವಷ್ಟರಲ್ಲಿ ಕೋಡಬಳೆಯ ಲೆಕ್ಕ ತಪ್ಪಿರುತ್ತದೆ. ಮಕ್ಕಳು ಎತ್ತಿನ ಕಡೆ ಬೆರಳು ತೋರಿಸುತ್ತಾರೆ.

ಸಂಜೆಗೆ ಕರಿ ಹರಿಯುವುದು. ಊರ ಅಗಸಿಯಲ್ಲಿ ಬೇವಿನ ತಪ್ಪಲು ಕಟ್ಟಿದ ಹಗ್ಗ ಬಿಗಿದು, ಅದನ್ನು ಹರಿಯುವಂತೆ ಎತ್ತುಗಳನ್ನು ಓಡಿಸುತ್ತಾರೆ. ಬಿಳಿ ಎತ್ತು ಮೊದಲು ಹರಿದರೆ ಹಿಂಗಾರಿ, ಕೆಂದೆತ್ತು ಹರಿದರೆ ಮುಂಗಾರಿ ಚೆನ್ನಾಗಿ ಬರುತ್ತದೆಂದು ನಂಬಿಕೆ. ಹಿಂಗಾರಿ ಬಿಳಿಜೋಳದ ಈ ನಾಡಿನಲ್ಲಿ ಮಂದಿಯ ಒಲವು ಯಾವ ಎತ್ತಿನ ಕಡೆಗೆಂದು ಹೇಳಬೇಕಾಗಿಲ್ಲ. ದಿನವಿಡೀ ಬಳಿದ ಬಣ್ಣವನ್ನು ಆಗ ಯಾರೂ ನೋಡುವುದಿಲ್ಲ, ಎಲ್ಲರೂ ಓಡುತ್ತಿರುತ್ತಾರೆ. ಮರುದಿನ ಎತ್ತು ಹೊಲದ ಬದುವಿನ ಬೇವಿನ ಮರಕ್ಕೆ ಕೋಡು ತಿಕ್ಕಿ, ಅರ್ಧ ಬಣ್ಣವನ್ನು ಮರಕ್ಕೆ ದಾಟಿಸುತ್ತದೆ.

ಟ್ರ್ಯಾಕ್ಟರ್ ಬಂದ ಮೇಲೆ ಎತ್ತುಗಳು ಕಡಿಮೆಯಾಗಿವೆ. ಎತ್ತಿಲ್ಲದ ಮನೆಯವರಿಗೆ ಬಣ್ಣದ ಆಸೆ ತೀರಿಸಿಕೊಳ್ಳಲು ಹದಿನೈದು ದಿನಕ್ಕೆ ಮಣ್ಣೆತ್ತಿನ ಅಮಾವಾಸ್ಯೆ ಬರುತ್ತದೆ. ಮಣ್ಣೆತ್ತು ತಲೆ ಕೊಡವುವುದಿಲ್ಲ, ಒದೆಯುವುದಿಲ್ಲ, ಹಿಂಡಿ ಕೇಳುವುದಿಲ್ಲ. ಆದರೆ ಬ್ರಷ್ಷು ತಾಗಿದೊಡನೆ ಅದರ ಕೋಡು ಮುರಿಯುತ್ತದೆ. ಅಲ್ಲಿಗೊಂದು ಜೋಳದ ಕಡ್ಡಿ ಚುಚ್ಚಿ, ಅದಕ್ಕೂ ಬಣ್ಣ ಹಚ್ಚಿ, ಪೂಜೆಗಿಡುತ್ತಾರೆ.