ಇಂಗು, ತೆಂಗು ಮತ್ತು ನಾನು

ಸಕ್ಕರೆ ಕಾಯಿಲೆಯವರಿಗೆ ನಮ್ಮ ಸಮಾಜದಲ್ಲಿ ಒಂದು ಘನತೆಯಿದೆ. ಮದುವೆಮನೆಯಲ್ಲಿ ಎಲೆಗೆ ಕೈ ಅಡ್ಡ ಹಿಡಿದು ‘ಶುಗರ್ರು’ ಅಂದರೆ ಸಾಕು, ಬಡಿಸುವವನು ಜಹಾಂಗೀರಿನ ತಟ್ಟೆಯೊಡನೆ ಮರ್ಯಾದೆಯಿಂದ ಮುಂದೆ ಸಾಗುತ್ತಾನೆ. ಬಿ.ಪಿ.ಯವರಿಗೆ ಉಪ್ಪಿನಕಾಯಿಯಿಂದ ವಿನಾಯಿತಿ ಉಂಟು. ನನ್ನ ಕಾಯಿಲೆಗೆ ಮಾತ್ರ ಆ ಹೆಸರಿಲ್ಲ. ಸೀಲಿಯಾಕ್ ಅಂದರೆ “ಅದ್ಯಾವ ಮಾತ್ರೆ?” ಅನ್ನುತ್ತಾರೆ. ಗ್ಲುಟನ್ ಅಂದರೆ “ಗ್ಲೂಕೋಸಾ? ಒಳ್ಳೇದೇ ಅಲ್ವಾ?” ಅನ್ನುತ್ತಾರೆ.

ಅವರ ತಪ್ಪಲ್ಲ. ನಮ್ಮ ದೇಶದಲ್ಲಿ ಈ ಕಾಯಿಲೆ ಎಷ್ಟು ಜನಕ್ಕಿದೆ ಎಂದು ನೋಡಿದ ಅಧ್ಯಯನವೊಂದು 2016ರಲ್ಲಿ ಪ್ರಕಟವಾಯಿತು. ಉತ್ತರದಲ್ಲಿ ನೂರಕ್ಕೆ ಒಬ್ಬರಿಗಿಂತ ಸ್ವಲ್ಪ ಹೆಚ್ಚು, ದಕ್ಷಿಣದಲ್ಲಿ ಸಾವಿರಕ್ಕೆ ಒಬ್ಬರು. ಆ ಒಬ್ಬರು ಯಲಹಂಕ ನ್ಯೂಟೌನಿನಲ್ಲಿ ವರ್ಷಗಟ್ಟಲೆ ರಕ್ತ ಕಡಿಮೆಯೆಂದು ಬೀಟ್‌ರೂಟು, ಖರ್ಜೂರ, ಕಬ್ಬಿಣದ ಮಾತ್ರೆ ನುಂಗುತ್ತ ಕೂತಿದ್ದರು. ಕೊನೆಗೊಬ್ಬ ಡಾಕ್ಟರು ರಕ್ತಪರೀಕ್ಷೆ, ಎಂಡೋಸ್ಕೋಪಿ ಎಲ್ಲ ಮಾಡಿಸಿ, ಗೋಧಿ ಹೊಟ್ಟೆಗೆ ಹೋದಾಗಲೆಲ್ಲ ನನ್ನ ದೇಹವು ನನ್ನದೇ ಸಣ್ಣ ಕರುಳಿನ ಮೇಲೆ ಯುದ್ಧಕ್ಕೆ ಹೋಗುತ್ತಿದೆ ಎಂದರು. ಗ್ಲುಟನ್ ಇರುವ ಗೋಧಿ, ಬಾರ್ಲಿ, ರೈ ಮೂರನ್ನೂ ಬದುಕಿರುವವರೆಗೆ ಬಿಡಬೇಕು. ಮಾತ್ರೆಯಿಲ್ಲ, ಬಿಡುವುದೇ ಮದ್ದು.

ನಾನು ನಕ್ಕೆ. ಅನ್ನ, ರಾಗಿ, ಅಕ್ಕಿರೊಟ್ಟಿಯ ನಾಡಿನಲ್ಲಿ ಗೋಧಿ ಬಿಡುವುದೇನು ಮಹಾ, ರಾತ್ರಿಯ ಎರಡು ಚಪಾತಿ ತಾನೆ? ಹಾಗೆಂದುಕೊಂಡೇ ಮನೆಗೆ ಬಂದು, ಕನ್ನಡಕ ಹಾಕಿಕೊಂಡು, ಇಂಗಿನ ಡಬ್ಬಿಯ ಬೆನ್ನಿನ ಸಣ್ಣಕ್ಷರ ಓದಿದೆ. ಅಂಟು, ಮೈದಾ, ಆಮೇಲೆ ಇಂಗು! ಅಸಲಿ ಇಂಗು ಅಫ್ಘಾನಿಸ್ತಾನ, ಇರಾನಿನ ಕಡೆಯ ಗಿಡದ ಬೇರಿನಿಂದ ಒಸರುವ ಹಾಲು. ಅದರ ಘಾಟು ಯಾರೂ ತಡೆಯಲಾರರೆಂದು ಹಿಟ್ಟು ಬೆರೆಸಿ ಮಾರುತ್ತಾರೆ. ನಮ್ಮ ಮನೆಯಲ್ಲಿ ಬೆಳ್ಳುಳ್ಳಿ ಹೊಸಿಲು ದಾಟಿದ್ದಿಲ್ಲ. ಅದರ ಜಾಗದಲ್ಲೆಲ್ಲ ಕೂತಿದ್ದು ಇಂಗೇ. ಹುಳಿ, ಸಾರು, ಗೊಜ್ಜು, ಮಜ್ಜಿಗೆಯ ಒಗ್ಗರಣೆ, ಯಾವುದರಲ್ಲಿಲ್ಲ? ಇಂಗು ತೆಂಗು ಇದ್ದರೆ ಮಂಗವೂ ಅಡುಗೆ ಮಾಡೀತು ಎಂಬ ಗಾದೆಯಲ್ಲಿ ಇನ್ನು ನನ್ನ ಪಾಲಿಗೆ ಉಳಿದದ್ದು ತೆಂಗು ಮತ್ತು ಮಂಗ.

ಅಕ್ಕಿಹಿಟ್ಟು ಬೆರೆಸಿದ ಇಂಗು ಹುಡುಕಿ ತಂದು ಮನೆಯನ್ನೇನೋ ಸರಿಮಾಡಿಕೊಂಡೆ. ಹೊಸಿಲಾಚೆಯದು ಬೇರೆಯೇ ಕತೆ. ದರ್ಶಿನಿಯ ಹಲಗೆಯನ್ನು ನನ್ನ ಕಣ್ಣಿನಿಂದ ಒಮ್ಮೆ ಓದಿ ನೋಡಿ: ಖಾರಾಬಾತ್, ಕೇಸರಿಬಾತ್, ರವೆದೋಸೆ, ಶಾವಿಗೆಬಾತ್, ಮದ್ದೂರು ವಡೆ. ರವೆಇಡ್ಲಿಯ ವಿಷಯದಲ್ಲಂತೂ ನನಗೆ ಇತಿಹಾಸದ ಮೇಲೇ ಸಿಟ್ಟು. ಎರಡನೇ ಮಹಾಯುದ್ಧದ ಕೊನೆಯ ಚಳಿಗಾಲದಲ್ಲಿ, 1944–45ರಲ್ಲಿ, ಹಾಲೆಂಡಿನಲ್ಲಿ ಬ್ರೆಡ್ಡಿಗೆ ಬರ ಬಂತು. ಡಿಕ್ಕೆ ಎಂಬ ಮಕ್ಕಳ ಡಾಕ್ಟರಿಗೆ ಗೋಧಿಯ ಮೇಲೆ ಮೊದಲೇ ಗುಮಾನಿಯಿತ್ತು. ಊರೆಲ್ಲ ಹಸಿದಿದ್ದಾಗ ತನ್ನ ಸೀಲಿಯಾಕ್ ಮಕ್ಕಳು ಮಾತ್ರ ಚೇತರಿಸಿಕೊಂಡದ್ದನ್ನು ಕಂಡು ಅದು ಗಟ್ಟಿಯಾಯಿತು. ಅದೇ ಯುದ್ಧದಲ್ಲಿ ಬೆಂಗಳೂರಿಗೆ ಬಂದದ್ದು ಅಕ್ಕಿಯ ಬರ. ಆಗಲೇ ತಾವು ರವೆಇಡ್ಲಿ ಕಂಡುಹಿಡಿದೆವೆಂದು ಎಂಟಿಆರ್‌ನವರು ಹೇಳುತ್ತಾರೆ. ಒಂದೇ ಯುದ್ಧ ಅಲ್ಲಿ ತಟ್ಟೆಯಿಂದ ತೆಗೆಸಿದ ಗೋಧಿಯನ್ನು ಇಲ್ಲಿ ಇಡ್ಲಿಗೆ ಹಾಕಿಸಿತು.

ಹೊಟ್ಟೆನೋವಿಗಿಂತ ನನಗೆ ಹೆದರಿಕೆಯಿದ್ದದ್ದು ಮಾತಿಗೆ. “ಒಂದು ಚೂರು ತಿಂದ್ರೆ ಏನಾಗತ್ತೆ?” ಎಂಬ ಪ್ರಶ್ನೆಯನ್ನು ಅಷ್ಟೊಂದು ಪ್ರೀತಿಯಿಂದ ಕೇಳಿದರೆ ಏನೆಂದು ಉತ್ತರಿಸುವುದು? ಗ್ಲುಟನ್ ಇಲ್ಲವೆಂದು ಚೀಟಿ ಹಚ್ಚಬೇಕಾದರೆ ಒಂದು ಕೆ.ಜಿ. ಪದಾರ್ಥದಲ್ಲಿ 20 ಮಿಲಿಗ್ರಾಂ ಮೀರಬಾರದು ಎಂದು ಸರ್ಕಾರದ ನಿಯಮವೇ ಇದೆ. ಸೋದರತ್ತೆಯ ಒಂದು ಚೂರು ಯಾವತ್ತೂ ಕಾಲು ಹೋಳಿಗೆಗಿಂತ ಕಡಿಮೆಯಿದ್ದದ್ದಿಲ್ಲ. ಹಾಗಾಗಿ ನಾನು ಹೊರಡುವುದನ್ನೇ ಬಿಟ್ಟೆ. ಇದಕ್ಕೆ ಹೆಬ್ಬಾಳದ ಫ್ಲೈಓವರು ತುಂಬ ಸಹಕರಿಸಿತು. ಸೋಫಾದ ಮೇಲೆ ಕಾಲು ಚಾಚಿಕೊಂಡು “ಹೆಬ್ಬಾಳದಲ್ಲಿ ಸಿಕ್ಕಾಕ್ಕೊಂಡಿದೀವಿ, ಗಾಡಿ ಅಲ್ಲಾಡ್ತಿಲ್ಲ” ಎಂದರೆ ಈ ಊರಿನಲ್ಲಿ ಸಂಶಯಪಡುವ ಪ್ರಾಣಿಯಿಲ್ಲ.

ನನ್ನನ್ನು ಹೊಸಿಲು ದಾಟಿಸಿದ್ದು ನಮ್ಮ ಯಜಮಾನರು. “ಹಳೇ ಯಲಹಂಕದಲ್ಲಿ ಒಂದು ಮುದ್ದೆ ಮೆಸ್ ಇದ್ಯಂತೆ, ಯಾರೋ ಹೇಳ್ತಿದ್ರು” ಎಂದು ಕರೆದುಕೊಂಡು ಹೋದರು. ಒಳಗೆ ಕಾಲಿಟ್ಟೊಡನೆ ಗಲ್ಲಾದಲ್ಲಿದ್ದವರು “ಬನ್ನಿ ಸಾರ್, ನಿಮ್ಮ ಜಾಗ ಖಾಲಿ ಇದೆ” ಅಂದರು. ಬೆಳ್ಳುಳ್ಳಿ ಹೊಸಿಲು ದಾಟದ ಮನೆಯ ಯಜಮಾನರು ಮೇಲಿನ ಫ್ಯಾನನ್ನು ಬಹಳ ಹೊತ್ತು ನೋಡಿದರು. ಆ ವಿಚಾರಣೆಯನ್ನು ಮುಂದಕ್ಕೆ ಹಾಕಿ ನಾನು, ದನಿ ತಗ್ಗಿಸಿ, ಉಪ್ಪುಸಾರಿಗೆ ಇಂಗು ಹಾಕ್ತೀರಾ ಎಂದು ಕೇಳಿದೆ.

“ಇಂಗಾ? ಅದು ನಿಮ್ಮ ಕಡೆಯೋರದು ಅಮ್ಮ. ನಮ್ದೆಲ್ಲ ಬೆಳ್ಳುಳ್ಳಿ.”

“ರಾಗಿ ಎಲ್ಲಿ ಬೀಸಿಸ್ತೀರಿ? ಗೋಧಿ ಬೀಸಿದ ಕಲ್ಲಲ್ಲೇ…”

“ರಾಗಿಗೇ ಬೇರೆ ಮಿಷನ್ ಇರೋ ಮಿಲ್ಲು. ಗೋಧಿ ನಮ್ಮಲ್ಲಿ ಒಳಗೇ ಬರಲ್ಲ, ಚಪಾತಿ ಕೇಳೋರಿಗೆ ಮುಂದಿನ ರಸ್ತೆ ತೋರಿಸ್ತೀವಿ.” ಅಷ್ಟಕ್ಕೇ ಬಿಡದೆ ಅಡುಗೆಯಾಕೆಯನ್ನೂ ಹೊರಗೆ ಕರೆದರು. ಆಕೆ ಸೌಟು ಹಿಡಿದೇ ಬಂದು ಖಾರ ಅರೆಯುವುದು ಹೇಗೆಂದು ಸವಿಸ್ತಾರವಾಗಿ ಹೇಳಿದರು. ನಿಮ್ಮ ಅಡುಗೆಮನೆಯಲ್ಲಿ ಏನು ಹಾಕುತ್ತೀರಿ ಎಂದು ಕೇಳಿದರೆ ಜನ ಬೇಸರಪಡುತ್ತಾರೆಂದು ನಾನು ತಿಳಿದಿದ್ದೆನಲ್ಲ, ಹತ್ತಕ್ಕೆ ಎಂಟು ಮಂದಿ ಅದನ್ನು ಯಾರಾದರೂ ಕೇಳಲಿ ಎಂದೇ ಕಾಯುತ್ತಿರುತ್ತಾರೆ. ಉಳಿದಿಬ್ಬರ ಹೋಟೆಲಿನಲ್ಲಿ ನಾನು ಕಾಫಿ ಮಾತ್ರ ಕುಡಿಯುತ್ತೇನೆ.

ಅಷ್ಟರಲ್ಲಿ ಆರ್.ಟಿ. ನಗರದ ಅಕ್ಕನ ಮನೆಯಲ್ಲಿ ಸತ್ಯನಾರಾಯಣ ಪೂಜೆ ಬಂತು. ಪ್ರಸಾದ ಸಪಾದಭಕ್ಷ್ಯ, ಅಂದರೆ ಅಪ್ಪಟ ಗೋಧಿ ರವೆ. ಹೋಟೆಲಿನವರಿಗೆ ಬೇಡವೆನ್ನಬಹುದು, ದೇವರಿಗೆ ಹೇಗೆನ್ನುವುದು? ಅದೂ ಪ್ರಸಾದ ತಿನ್ನದೆ ಹೋದವಳ ಗಂಡನ ಹಡಗೇ ಮುಳುಗಿತೆಂದು ಕತೆಯಲ್ಲೇ ಬರುವಾಗ! ಹೆಬ್ಬಾಳದ ನೆಪ ನಾಲಿಗೆಯ ತುದಿಯಲ್ಲಿತ್ತು. ಆದರೂ ಅಕ್ಕನಿಗೆ ಇದ್ದದ್ದನ್ನು ಇದ್ದಹಾಗೆ ಹೇಳಿದೆ, ಅವಳು ಪುರೋಹಿತರಿಗೆ ಹೇಳಿದಳು. ಅವರು ಕೂಡಲೇ, “ಅದಕ್ಕೇನಮ್ಮ, ಮೊದಲನೇ ಅಧ್ಯಾಯದಲ್ಲೇ ಇದೆ. ಗೋಧಿಹಿಟ್ಟು ಇಲ್ಲದಿದ್ರೆ ಅಕ್ಕಿಹಿಟ್ಟು, ಸಕ್ಕರೆ ಇಲ್ಲದಿದ್ರೆ ಬೆಲ್ಲ” ಅಂದರಂತೆ. ಚಿಕ್ಕಂದಿನಿಂದ ಕೇಳುತ್ತ ಬಂದ ಕತೆ. ಪ್ರಸಾದ ಯಾವಾಗ ಕೊಡುತ್ತಾರೆಂದು ಕಾಯುವ ಗಡಿಬಿಡಿಯಲ್ಲಿ ಪ್ರಸಾದದ ಸಾಮಾನಿನ ಪಟ್ಟಿಯನ್ನು ನಮ್ಮಲ್ಲಿ ಯಾರೂ ಕೇಳಿಸಿಕೊಂಡಿರಲಿಲ್ಲ.

“ಡಬ್ಬೀಲಿ ಗೋಧಿ ಇಟ್ಕೊಂಡು ಇಲ್ಲ ಅನ್ನೋದು ಹೇಗೆ?” ಎಂದು ದೊಡ್ಡಮ್ಮ ಧರ್ಮಸೂಕ್ಷ್ಮ ತೆಗೆದರು.

“ಅವರ ಪಾಲಿಗೆ ಇಲ್ಲ ತಾನೆ?” ಎಂದು ಪುರೋಹಿತರು ಮುಗಿಸಿದರು.

ಅಕ್ಕಿತರಿಯ ಸಪಾದ ಚೆನ್ನಾಗಿಯೇ ಆಗಿತ್ತು. ಊಟಕ್ಕೆ ಕೂತಾಗ ನನ್ನ ಎಲೆಯ ಸುತ್ತ ಪ್ರಶ್ನೆಗಳು ಬಂದವು, ಹೇಳುತ್ತ ಹೋದೆ. ಹೊಟ್ಟೆ ಉಬ್ಬರ, ಸುಸ್ತು, ರಕ್ತ ಕಡಿಮೆ ಎಂದು ನಾನು ಎಣಿಸುತ್ತಿದ್ದಂತೆ ದೊಡ್ಡಮ್ಮನ ಮುಖದಲ್ಲಿ ಕಳವಳ ಮೂಡಿತು.

“ಅಯ್ಯೋ, ಇದೆಲ್ಲಾ ನಂಗೂ ಇದೆ ಕಣೇ. ನಾಳೆಯಿಂದ್ಲೇ ಗೋಧಿ ಬಿಟ್ಬಿಡ್ತೀನಿ.”

“ಹಾಗೆಲ್ಲ ಬಿಡಬಾರದು ದೊಡ್ಡಮ್ಮ. ಮೊದಲೇ ಬಿಟ್ರೆ ರಕ್ತಪರೀಕ್ಷೇಲಿ ಸರಿಯಾಗಿ ಗೊತ್ತಾಗಲ್ಲ. ಪರೀಕ್ಷೆ ಮುಗಿಯೋವರೆಗೂ ಗೋಧಿ ತಿಂತಾನೇ ಇರಬೇಕು.”

“ಹೌದಾ?” ಎಂದ ದೊಡ್ಡಮ್ಮ, ಆಗಲೇ ಎಲೆ ಮಡಿಸಲು ಚಾಚಿದ್ದ ಕೈ ಹಿಂದೆಗೆದು, ಅಡುಗೆಮನೆಯ ಕಡೆ ತಿರುಗಿ ಕೂಗಿದರು: “ಇಲ್ಲಿಗೆ ಇನ್ನೆರಡು ಹೋಳಿಗೆ ತಾರಪ್ಪಾ, ಪರೀಕ್ಷೆಗೆ ಬೇಕಂತೆ!”