ಸಾಕಪ್ಪನ ಶಿಕಾರಿ

ಹೆಣ್ಣುಮಕ್ಕಳ ಸಾಲು ಇಲ್ಲಿಗೆ ನಿಲ್ಲಲಿ ಎಂದು ಕೊನೆಯವಳಿಗೆ ಸಾಕಮ್ಮ ಎಂದು ಹೆಸರಿಡುವ ರೂಢಿ ನಮ್ಮ ಹಳ್ಳಿಗಳಲ್ಲಿತ್ತು. ಅಮೆರಿಕದ ಕಾನ್ಸಾಸ್ ರಾಜ್ಯದ ಪಶ್ಚಿಮ ಬಯಲಿನಲ್ಲಿ ಸಾಕಪ್ಪ ಎಂದು ಕರೆಯಲೇಬೇಕಾದ ಒಂದು ಬಗೆಯ ಗಂಡಸರಿದ್ದಾರೆ. ಚರ್ಚಿನಲ್ಲಿ ಇಟ್ಟ ಹೆಸರು ಬೇರೆಯೇ ಇದ್ದೀತು. ಆದರೆ ಕೋವಿಯ ಮಾತು ಬಂದರೆ ಅವರ ಬಾಯಿಂದ ಬೀಳುವುದು ಒಂದೇ ಮಾತು: "ಪಾಯಿಂಟ್ ಟೂ ಟೂ ಸಾಕು." ಅಳಿಲಿಗೆ ಸಾಕು, ಮೊಲಕ್ಕೆ ಸಾಕು, ಬೇಲಿಯ ಮೇಲಿಟ್ಟ ಖಾಲಿ ಡಬ್ಬಕ್ಕೆ ಧಾರಾಳವಾಗಿ ಸಾಕು. ಇಲ್ಲಿಯತನಕ ಯಾರದೂ ತಕರಾರಿಲ್ಲ. "ಕಯೋಟಿಗೂ ಸಾಕು" ಎಂದನೋ, ಊರ ಕಾಫಿ ಅಂಗಡಿಯ ಅಷ್ಟೂ ಕುರ್ಚಿಗಳು ಅವನ ಕಡೆ ತಿರುಗುತ್ತವೆ.

ಕಯೋಟಿ ಎಂದರೆ ನಮ್ಮ ಗುಳ್ಳೆನರಿಯ ದೊಡ್ಡಪ್ಪನ ಮಗ ಎನ್ನಬಹುದು. ತೂಕ ಹತ್ತರಿಂದ ಇಪ್ಪತ್ತು ಕಿಲೋ. ಚಳಿಗಾಲದಲ್ಲಿ ಮೈತುಂಬ ತುಪ್ಪಳ ಬೆಳೆದು ಇನ್ನೂ ದಪ್ಪ ಕಾಣುತ್ತದೆ. ಹೆಸರು ಬಂದದ್ದು ಮೆಕ್ಸಿಕೋದ ನಾವಾಟ್ಲ್ ನುಡಿಯಿಂದ. 1823ರಲ್ಲಿ ಥಾಮಸ್ ಸೇ ಎಂಬ ಪ್ರಕೃತಿ ವಿಜ್ಞಾನಿ ಇದಕ್ಕೆ ಲ್ಯಾಟಿನ್ನಿನಲ್ಲಿ 'ಬೊಗಳುವ ನಾಯಿ' ಎಂದು ನಾಮಕರಣ ಮಾಡಿದ. ಮಗನ ಮನೆಗೆಂದು ಟೆಕ್ಸಾಸಿಗೋ ಕ್ಯಾಲಿಫೋರ್ನಿಯಾಕ್ಕೋ ಹೋದ ನಮ್ಮ ಹಿರಿಯರು ನಡುರಾತ್ರಿ ಊಳು ಕೇಳಿ ಎದ್ದು ಕೂತು, "ಇಲ್ಲೂ ನರಿ ಇದೆಯಲ್ಲೋ" ಎನ್ನುವುದು ಇದರ ದನಿ ಕೇಳಿಯೇ.

ಇನ್ನು ಸಾಕಪ್ಪನ ಕೋವಿ. ಕಾಲೇಜಿನಲ್ಲಿ ಎನ್‌ಸಿಸಿಗೆ ಸೇರಿ ಕ್ಯಾಂಪಿನಲ್ಲಿ ಮಲಗಿ ಗುಂಡು ಹೊಡೆದವರಿಗೆ ಅದರ ಪರಿಚಯ ಹೇಳಬೇಕಿಲ್ಲ. ಭುಜಕ್ಕೆ ಒದೆತವಿಲ್ಲ, ಸದ್ದು ಒಣಕಡ್ಡಿ ಮುರಿದಂತೆ. ಅದರ ತೋಟಾದಲ್ಲಿ ಕಿಡಿಮದ್ದು ಇರುವುದು ಬುಡದ ನಡುವೆ ಅಲ್ಲ, ಬುಡದ ಸುತ್ತಲ ಅಂಚಿನ ಮಡಿಕೆಯೊಳಗೆ. ಸೂಜಿ ಅಂಚನ್ನು ಜಜ್ಜಿದರೆ ಈಡು ಹಾರುತ್ತದೆ. ಅದಕ್ಕೇ ರಿಮ್‌ಫೈರ್ ಎಂಬ ಹೆಸರು. ಒಮ್ಮೆ ಜಜ್ಜಿದ ಅಂಚು ಮತ್ತೆ ಕೆಲಸಕ್ಕೆ ಬಾರದು, ಚಿಪ್ಪು ಎಸೆಯಬೇಕು. ಈ ವಂಶದ ಮೊದಲ ಅಮೆರಿಕನ್ ತೋಟಾ, .22 ಶಾರ್ಟ್, ಹೊರಬಂದದ್ದು 1857ರಲ್ಲಿ. ಅದೇ ವರ್ಷ ಇತ್ತ ಮೀರತ್ತಿನಲ್ಲಿ ಕೊಬ್ಬು ಸವರಿದ ತೋಟಾದ ಮಾತಿಗೆ ಒಂದು ಸಾಮ್ರಾಜ್ಯವೇ ನಡುಗಿತ್ತು. ಇವತ್ತಿಗೂ ಪಾಯಿಂಟ್ ಟೂ ಟೂ ಗುಂಡಿಗೆ ಜಿಡ್ಡಿನ ಲೇಪವಿರುತ್ತದೆ, ಸಾಕಪ್ಪನ ಜೇಬಿನಲ್ಲೆಲ್ಲ ಅದರ ಕಲೆ. ಅವನ ಹೆಂಡತಿ ದಂಗೆ ಎದ್ದಿರುವುದು ಬಟ್ಟೆ ಒಗೆಯುವ ವಿಷಯದಲ್ಲಿ ಮಾತ್ರ.

ಅವನು ಪ್ರಾಣ ಬಿಡುವ .22 ಲಾಂಗ್ ರೈಫಲ್ ತೋಟಾ 1887ರದು. ತಾತನ ಕಾಲದ್ದು ಎನ್ನುವುದೇ ಅವನಿಗೆ ಅದರ ಅರ್ಧ ಯೋಗ್ಯತೆ. ಉಳಿದರ್ಧ, ಅಗ್ಗ. ಹಾಗೆಂದು 2012ರ ಕೊನೆಯಲ್ಲಿ ಕೋವಿ ಕಾನೂನು ಬಿಗಿಯಾಗುತ್ತದೆಂಬ ಗುಲ್ಲೆದ್ದಾಗ ಈ ಅಗ್ಗದ ಮಾಲೇ ದೇಶದ ಅಂಗಡಿಗಳಿಂದ ಮಾಯವಾಯಿತು. ಸಾಕಪ್ಪ ಬೆಳಗಿನ ಜಾವ ಅಂಗಡಿ ಬಾಗಿಲಲ್ಲಿ, ನಾವೊಂದು ಕಾಲದಲ್ಲಿ ಸೀಮೆಎಣ್ಣೆಗೆ ನಿಂತಂತೆ ಕ್ಯೂ ನಿಂತ. ಐನೂರು ತೋಟಾಗಳ ಒಂದು ಕಟ್ಟಿಗೆ ಅವರ ಕಡೆ 'ಇಟ್ಟಿಗೆ' ಎನ್ನುತ್ತಾರೆ. ಅವನ ಮನೆಯ ನೆಲಮಾಳಿಗೆಯಲ್ಲಿ ಈಗ ಸಣ್ಣದೊಂದು ಗೋಡೆ ಕಟ್ಟುವಷ್ಟು ಇಟ್ಟಿಗೆ ಇದೆ. 'ಸಾಕು' ಎಂಬ ಮಾತು ಅಲ್ಲಿಗೆ ಮಾತ್ರ ಅನ್ವಯಿಸಿಲ್ಲ.

ಕಾಫಿ ಅಂಗಡಿಯ ವಾಗ್ಯುದ್ಧ ನಡೆಯುವುದು ಅಂಕಿಗಳಲ್ಲಿ. ಎದುರು ಪಕ್ಷದ ನಾಯಕ ಕುರಿ ಸಾಕುವ ಪಕ್ಕದ ಜಮೀನಿನವನು, ಅವನ ಕೈಯಲ್ಲಿರುವುದು .223. "ನಿನ್ನ ಗುಂಡು ನಳಿಗೆ ಬಿಡುವಾಗ ಅದರ ಬಲ ನೂರನಲವತ್ತು ಅಡಿ-ಪೌಂಡ್. ನನ್ನದು ಸಾವಿರದ ಇನ್ನೂರು ದಾಟುತ್ತದೆ. ನಿನ್ನದೇನು ಕೋವಿಯೋ, ಪಿಚಕಾರಿಯೋ?" ಸಾಕಪ್ಪ ಅಲ್ಲಾಡುವುದಿಲ್ಲ. "ಎಲ್ಲಿ ಬಿತ್ತು ಅನ್ನೋದು ಮುಖ್ಯ ಕಣಯ್ಯ, ಎಷ್ಟು ಜೋರಾಗಿ ಬಿತ್ತು ಅನ್ನೋದಲ್ಲ." ಇಲ್ಲಿ ಮೂರನೆಯವನೊಬ್ಬ ಬಾಯಿ ಹಾಕುತ್ತಾನೆ. ಅವನದು ರಾಜಿ ಪಕ್ಷ: 1959ರ .22 ಮ್ಯಾಗ್ನಮ್, ಮುನ್ನೂರರ ಆಸುಪಾಸು. ನಾಲ್ಕನೆಯವನು ಎಳೆಯ, 2002ರ .17 ಎಚ್‌ಎಂಆರ್‌ನ ಭಕ್ತ. ಅದರ ಗುಂಡು ಸೆಕೆಂಡಿಗೆ 2,550 ಅಡಿ ಓಡುತ್ತದೆ, ತೂಕ ಮಾತ್ರ ಒಂದು ಗ್ರಾಂ ಚಿಲ್ಲರೆ. ನಮ್ಮ ಅಕ್ಕಸಾಲಿಗನ ಲೆಕ್ಕದಲ್ಲಿ ಒಂಬತ್ತು ಗುಲಗಂಜಿ. ಗಾಳಿ ಬೀಸಿದರೆ ನೂರು ಗಜದೊಳಗೇ ಮೂರು ನಾಲ್ಕು ಅಂಗುಲ ಪಕ್ಕಕ್ಕೆ ಸರಿಯುತ್ತದೆ. ಕಾನ್ಸಾಸಿನಲ್ಲಿ ಗಾಳಿ ಬೀಸದ ದಿನ ಯಾವುದು ಎಂದು ಕೇಳಿದರೆ ಆ ಹುಡುಗ ಕಾಫಿ ತರಲು ಎದ್ದು ಹೋಗುತ್ತಾನೆ.

ವಾದ ಸೋಲುವ ಹಂತಕ್ಕೆ ಬಂದಾಗ ಸಾಕಪ್ಪ ಬ್ರಹ್ಮಾಸ್ತ್ರ ತೆಗೆಯುತ್ತಾನೆ: ರಿಕ್ ಪೆರಿ. ಟೆಕ್ಸಾಸಿನ ರಾಜ್ಯಪಾಲರಾಗಿದ್ದ ಪೆರಿ 2010ರಲ್ಲಿ ಮಗಳ ನಾಯಿಯ ಜೊತೆ ಬೆಳಗಿನ ಓಟಕ್ಕೆ ಹೋಗಿದ್ದಾಗ, ನಾಯಿಯ ಮೇಲೆ ಕಣ್ಣು ಹಾಕಿದ ಕಯೋಟಿಯನ್ನು ಸೊಂಟದಲ್ಲಿದ್ದ ಪುಟ್ಟ ಪಿಸ್ತೂಲಿನಿಂದ ಹೊಡೆದದ್ದಾಗಿ ಹೇಳಿಕೊಂಡಿದ್ದರು. ಪಿಸ್ತೂಲಿನ ಕಂಪನಿ ಆ ಖುಷಿಗೆ 'ಕಯೋಟಿ ಸ್ಪೆಷಲ್' ಎಂಬ ಮಾದರಿಯನ್ನೇ ಮಾರುಕಟ್ಟೆಗೆ ಬಿಟ್ಟಿತು. "ನೋಡಿದಿರಾ, ಸಣ್ಣದೇ ಸಾಕು!" ಆ ಪಿಸ್ತೂಲು .380, ರಿಮ್‌ಫೈರೇ ಅಲ್ಲ, ಅದರ ಗುಂಡು ಇವನದರ ಎರಡರಷ್ಟು ಭಾರ ಎಂದು ಕುರಿಯವನು ಹೇಳುವ ಹೊತ್ತಿಗೆ ಸಾಕಪ್ಪ ಬಿಲ್ಲು ಕೊಟ್ಟು ಹೊರಗಿರುತ್ತಾನೆ.

ಜನವರಿಯ ಒಂದು ಬೆಳಗ್ಗೆ ಅವನ ಬೆನ್ನಹಿಂದೆ ಹೋಗೋಣ. ಇನ್ನೂ ನಸುಗತ್ತಲು, ಹುಲ್ಲಿನ ಮೇಲೆ ಬಿಳಿ ಮಂಜು, ಉಸಿರು ಮೀಸೆಯಲ್ಲೇ ಹೆಪ್ಪುಗಟ್ಟುವ ಚಳಿ. ಕಯೋಟಿಗಳಿಗೆ ಬೆದೆಯ ಕಾಲ ಶುರುವಾಗುವ ಹೊತ್ತು, ತುಪ್ಪಳ ಒಳ್ಳೆಯದಿರುವ ಹೊತ್ತೂ ಹೌದು. ಸಾಕಪ್ಪ ಪಿಕಪ್ಪಿನಿಂದ ಸಾಮಾನು ಇಳಿಸುತ್ತಾನೆ: ರಿಮೋಟ್ ಒತ್ತಿದರೆ ಗಾಯಗೊಂಡ ಮೊಲದಂತೆ ಚೀರುವ ಪೆಟ್ಟಿಗೆ, ಬ್ಯಾಟರಿಯಲ್ಲಿ ಬಾಲ ಅಲ್ಲಾಡಿಸುವ ಬೊಂಬೆ, ಮೈವಾಸನೆ ಅಡಗಿಸುವ ಸ್ಪ್ರೇ, ದೂರ ಅಳೆಯುವ ದುರ್ಬೀನು, ಕೋವಿ ಒರಗಿಸುವ ಮೂರು ಕಾಲಿನ ಕೋಲು, ಹುಲ್ಲಿನ ಬಣ್ಣದ ಅಂಗಿ, ಹುಲ್ಲಿನ ಬಣ್ಣದ ಮುಖಗವಸು, ಹುಲ್ಲಿನ ಬಣ್ಣದ ಥರ್ಮಾಸ್. ಕೋವಿಯ ಬೆಲೆಗಿಂತ ಈ ಸರಂಜಾಮಿನ ಬೆಲೆ ಮೂರು ಪಾಲು. ಚಕ್ ಜೋನ್ಸ್ 1949ರಲ್ಲಿ ತೆರೆಗೆ ತಂದ ವೈಲ್ ಇ. ಕಯೋಟಿ ಎಂಬ ಕಾರ್ಟೂನು ಪ್ರಾಣಿ ನೆನಪಿರಬೇಕಲ್ಲ? ಆಕ್ಮಿ ಕಂಪನಿಯಿಂದ ಟಪಾಲಿನಲ್ಲಿ ರಾಕೆಟ್ಟು, ಸ್ಪ್ರಿಂಗು ತರಿಸಿ ತರಿಸಿ ಪ್ರತಿಸಲವೂ ಪ್ರಪಾತಕ್ಕೆ ಬೀಳುವ ಬಡಪಾಯಿ. ಜೋನ್ಸ್ ಪಾತ್ರವನ್ನು ಸರಿಯಾಗಿಯೇ ಕಂಡಿದ್ದ. ಆದರೆ ಕ್ಯಾಟಲಾಗು ನೋಡಿ ಸಾಮಾನು ತರಿಸುವುದು ಕಯೋಟಿಯಲ್ಲ, ಎದುರು ಕೂತವನು.

ಕತ್ತಾಳೆಯಂಥ ಯಕ್ಕಾ ಪೊದೆಗೆ ಬೆನ್ನು ಕೊಟ್ಟು ಕೂತ ಸಾಕಪ್ಪ ಗುಂಡಿ ಒತ್ತುತ್ತಾನೆ. ಮೊಲ ಚೀರುತ್ತದೆ. ಹತ್ತು ನಿಮಿಷ, ಏನಿಲ್ಲ. ಕಾಗೆಯೊಂದು ಬಂದು ಬೊಂಬೆಯನ್ನು ನೋಡಿ, ಮೋಸವೆಂದು ಅರಿತು ಹೋಗುತ್ತದೆ. ಹದಿನಾರನೇ ನಿಮಿಷಕ್ಕೆ ದೂರದ ದಿಬ್ಬದ ಮೇಲೆ ಎರಡು ಕಿವಿ. ಕಯೋಟಿ ನೇರ ಓಡಿ ಬರುವ ದಡ್ಡ ಪ್ರಾಣಿಯಲ್ಲ. ಗಾಳಿ ತನ್ನ ಮೂಗಿಗೆ ಬೀಸುವ ಬದಿಗೆ ದೊಡ್ಡ ಸುತ್ತು ಹಾಕಿ, ಮೊಲದ ವಾಸನೆ ಇದೆಯೋ ಇಲ್ಲವೋ ಎಂದು ನೋಡಿಯೇ ಮುಂದಿನ ಹೆಜ್ಜೆ. ಅರ್ಧ ಸುತ್ತು ಮುಗಿಸಿ ಅದು ನಿಂತಿತು. ದುರ್ಬೀನು ಹೇಳಿತು: ನೂರೈವತ್ತು ಗಜ. ಐವತ್ತು ಗಜಕ್ಕೆ ಗುರಿ ಹೊಂದಿಸಿದ ಪಾಯಿಂಟ್ ಟೂ ಟೂ ಗುಂಡು ನೂರು ಗಜಕ್ಕೆ ಹೋಗುವಾಗಲೇ ಅರ್ಧ ಅಡಿಗಿಂತ ಕೆಳಗಿಳಿದಿರುತ್ತದೆ, ನೂರೈವತ್ತಕ್ಕೆ ಹೆಚ್ಚುಕಡಿಮೆ ಎರಡು ಅಡಿ. ಸಾಕಪ್ಪನಿಗೆ ಈ ಲೆಕ್ಕ ಬಾಯಿಪಾಠ. ಆದರೂ ಬೆರಳು ಕೇಳಲಿಲ್ಲ. ಚಿಟ್! ಕಯೋಟಿಯ ಮುಂದೆ ಮಣ್ಣು ಹಾರಿತು. ಅದು ಮಣ್ಣನ್ನೂ ನೋಡಿತು, ಇವನನ್ನೂ ನೋಡಿತು, ಅವಸರವಿಲ್ಲದೆ ದಿಬ್ಬದಾಚೆ ಇಳಿಯಿತು.

ತಪ್ಪಿದ್ದೇ ಒಳ್ಳೆಯದಾಯಿತು ಎಂದು ಈ ಬರಹಗಾರನ ಅಭಿಪ್ರಾಯ. ಇಂಥ ಗುಂಡು ಅಷ್ಟು ದೂರದಲ್ಲಿ ಹೊಟ್ಟೆಗೋ ತೊಡೆಗೋ ತಾಗಿದರೆ ಪ್ರಾಣಿ ಅಲ್ಲೇ ಬೀಳದು. ಎಲ್ಲೋ ಪೊದೆಯಲ್ಲಿ ಮೂರು ದಿನ ನರಳಿ ಸಾಯುತ್ತದೆ. ಕುರಿಯವನ ಸಿಟ್ಟಿನ ನಿಜವಾದ ಕಾರಣ ಅದೇ, ಅಡಿ-ಪೌಂಡ್ ಬರೀ ನೆಪ. ಹದ ಬಲ್ಲ ಹಳಬರು ರಿಮ್‌ಫೈರ್ ಹಿಡಿದರೂ ಕೂಗಳತೆಯೊಳಗೆ ಬರುವ ತನಕ ಕೈ ಎತ್ತುವುದಿಲ್ಲ. ತುಪ್ಪಳ ಮಾರುವವರಿಗೆ ಸಣ್ಣ ತೂತಿನ ಲಾಭವೂ ಇತ್ತು. ಆದರೆ ಕೋಟಿನ ಟೋಪಿಗೆ ಕಯೋಟಿ ತುಪ್ಪಳ ಹೊಲಿಯುತ್ತಿದ್ದ ಕೆನಡಾ ಗೂಸ್ ಕಂಪನಿ 2021ರಲ್ಲಿ ತುಪ್ಪಳ ಕೊಳ್ಳುವುದನ್ನೇ ನಿಲ್ಲಿಸಿತು.

ಹಾಗೆ ನೋಡಿದರೆ ದೊಡ್ಡ ಕೈಗಳೇ ಸೋತಿವೆ. ಅಮೆರಿಕದ ಕೇಂದ್ರ ಸರ್ಕಾರ 1931ರ ಕಾಯಿದೆಯ ಬಲದಿಂದ ಕಯೋಟಿಯ ಬೆನ್ನು ಹತ್ತಿತು. ವಿಷ ಇಟ್ಟರು, ಬಲೆ ಒಡ್ಡಿದರು, ವಿಮಾನದಿಂದ ಹೊಡೆದರು. ಸರ್ಕಾರಿ ಜಮೀನಿನಲ್ಲಿ ವಿಷವನ್ನು ನಿಕ್ಸನ್ 1972ರಲ್ಲಿ ನಿಲ್ಲಿಸಿದರು. ಆದರೂ ಒಂದು ಇಲಾಖೆಯೇ ವರ್ಷಕ್ಕೆ ಹತ್ತಾರು ಸಾವಿರ ಕೊಲ್ಲುತ್ತದೆ. ಕೊಂದಷ್ಟೂ ಉಳಿದವಕ್ಕೆ ಮೇವು ಹೆಚ್ಚು, ಮರಿ ಹೆಚ್ಚು. ಬಯಲಿನ ಈ ಪ್ರಾಣಿ ಇಂದು ಹವಾಯಿ ಬಿಟ್ಟು ಎಲ್ಲ ರಾಜ್ಯದಲ್ಲೂ ಇದೆ. 1999ರಲ್ಲಿ ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕ್ ಸೇರಿತು. 2007ರಲ್ಲಿ ಶಿಕಾಗೋ ನಡುಪೇಟೆಯ ಸ್ಯಾಂಡ್‌ವಿಚ್ ಅಂಗಡಿಗೆ ಹಗಲಲ್ಲೇ ನುಗ್ಗಿ ತಂಪು ಪಾನೀಯದ ಫ್ರಿಜ್ಜಿನಲ್ಲಿ ಆರಾಮವಾಗಿ ಮಲಗಿತ್ತು.

ಸಾಕಪ್ಪ ಮನೆಗೆ ಬಂದಾಗ ಒಂಬತ್ತು ಗಂಟೆ. ಹೆಂಡತಿ ಅಡುಗೆಮನೆ ಕಿಟಕಿಯ ಬಳಿ ಕಪ್ಪು ತೊಳೆಯುತ್ತಿದ್ದಳು.

"ಸಿಕ್ತಾ?"

"ಗಾಳಿ ಜಾಸ್ತಿ."

"ನೀನು ಹೋದ ಮೇಲೆ ಒಂದು ಬಂದಿತ್ತು. ನಾಯಿ ತಟ್ಟೆ ಪೂರಾ ನೆಕ್ಕಿ ಹೋಯ್ತು. ಕಾಲು ಗಂಟೆ ಇತ್ತು."

ಸಾಕಪ್ಪ ಕಿಟಕಿಯಿಂದ ತಟ್ಟೆಯ ಕಡೆ ದುರ್ಬೀನು ಹಿಡಿದ. ಹದಿನೈದು ಗಜ. ಪಾಯಿಂಟ್ ಟೂ ಟೂ ನಿಜಕ್ಕೂ ಸಾಕಾಗುತ್ತಿತ್ತು.